ಸೀನಿದರೆ ಆಟ, ಸೀನದಿದ್ದರೆ ಔಟ್

ಸೀಟಿ ಊದುವವನ ಬಾಳಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನೀವು ಒಂದು ನಿಯಮ ಮಾಡಿ ಬೋರ್ಡಿಗೆ ಬರೆಯುವಷ್ಟರಲ್ಲಿ ನಮ್ಮ ಮಂದಿ ಅದರ ಪಕ್ಕದಲ್ಲೇ ಒಂದು ಕಾಲುದಾರಿ ಮಾಡಿ ಮುಗಿಸಿರುತ್ತಾರೆ. ನಾನು ರಾಣೆಬೆನ್ನೂರಿನ ಒಂದು ಹೈಸ್ಕೂಲಿನಲ್ಲಿ ಆಟ ಕಲಿಸುವ ಮಾಸ್ತರ. ಕಬಡ್ಡಿ, ಖೋ ಖೋ ಎಲ್ಲದಕ್ಕೂ ಅಂಪೈರ್ ಆಗಿ ಬೈಸಿಕೊಂಡವನು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಆ ಮೂಗಿಗೆ ಇನ್ನೂ ದೊಡ್ಡ ಕೆಲಸ ಕಾದಿದೆ ಎಂದು ಮಾತ್ರ ಆಗ ಗೊತ್ತಿರಲಿಲ್ಲ.

ಮೊಬೈಲ್ ಫೋನು ಆಗತಾನೇ ಎಲ್ಲರ ಅಂಗಿ ಜೇಬಿಗೆ ಬಂದು ಕುಳಿತಿದ್ದ ಕಾಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗೋವಾಕ್ಕೆ ಹೋಗಿ ಅಲ್ಲಿ ಪೇಂಟ್‌ಬಾಲ್ ಎಂಬ ಆಟ ನೋಡಿ ಬಂದ. ಗನ್ನಿನಿಂದ ಬಣ್ಣದ ಗುಂಡು ಹೊಡೆಯುವುದು, ಮೈಮೇಲೆ ಗುಂಡು ಒಡೆದು ಬಣ್ಣವಾದವನು ಔಟ್, ಎದುರಿನವರ ಬಾವುಟ ಕಿತ್ತು ತಂದವರು ಗೆದ್ದರು. ಹಲಗೇರಿ ರಸ್ತೆಯಲ್ಲಿ ಅವನ ಅಪ್ಪನ ಖಾಲಿ ಜಾಗ ಇತ್ತು. ಹಳೇ ಡ್ರಮ್ಮು, ಟೈರು, ಮರಳಿನ ಚೀಲ ಒಟ್ಟಿ ಮೈದಾನ ಮಾಡಿದ. ನನ್ನನ್ನು ರವಿವಾರದ ಅಂಪೈರ್ ಮಾಡಿಕೊಂಡ.

ಅವನ ಅಪ್ಪ ಬ್ಯಾಡಗಿಯಲ್ಲಿ ದೊಡ್ಡ ಮೆಣಸಿನಕಾಯಿ ಸಾವ್ಕಾರರು. ಜಾಗ ಕೊಡುವಾಗ ಒಂದೇ ಷರತ್ತು ಹಾಕಿದ್ದರು.

"ನೋಡಪಾ, ಆಡಸ್ತೀಯೋ ಆಡಸು. ಆದ್ರ ಒಬ್ಬರ ಕಣ್ಣಿಗೆ ಏನರ ಆತು ಅಂದ್ರ ಅವತ್ತ ಇದು ಬಂದ್. ಮರುದಿನ ಇಲ್ಲಿ ನನ್ನ ಮೆಣಸಿನಕಾಯಿ ಒಣಗಬೇಕು, ಅಂಗಡಿ ಗಾದಿ ಮ್ಯಾಲೆ ನೀ ಕುಂತಿರಬೇಕು."

ಹುಡುಗನಿಗೆ ಅಂಗಡಿಯ ಗಾದಿ ಎಂದರೆ ಜೈಲು. ನನಗೂ ವಾರವಿಡೀ ಮಕ್ಕಳ ಡ್ರಿಲ್ ನೋಡಿ ಬೇಜಾರಾದ ಜೀವಕ್ಕೆ ರವಿವಾರದ ಈ ಮೈದಾನ ಹಬ್ಬ. ಹಾಗಾಗಿ ಇಬ್ಬರೂ ಸೇರಿ ಗೇಟಿನ ಹತ್ತಿರ ಬೋರ್ಡು ಬರೆಸಿದೆವು. ಮೈದಾನದೊಳಗೆ ಯಾರೂ ಮಾಸ್ಕ್ ತೆಗೆಯಬಾರದು. ಆಟ ಇಲ್ಲದಾಗ ಎತ್ತಿಗೆ ಬಾಯಿಕುಕ್ಕೆ ಕಟ್ಟಿದಂತೆ ಗನ್ನಿನ ಬಾಯಿಗೆ ಚೀಲ ಹಾಕಬೇಕು. ಗುಂಡು ಮೈಮೇಲೆ ಒಡೆದರೆ ಔಟ್, ಒಡೆಯದೆ ಪುಟಿದರೆ ಔಟಲ್ಲ. ಬಿದ್ದ ಬಣ್ಣ ಒರೆಸಿಕೊಳ್ಳುವುದು ಮೋಸ. ಬೋರ್ಡು ಚೆನ್ನಾಗಿ ಕಾಣುತ್ತಿತ್ತು. ಮಂದಿ ಅದರ ಮುಂದೆ ನಿಂತು ಫೋಟೋ ಹೊಡೆಸಿಕೊಂಡು ಒಳಗೆ ಬರುತ್ತಿದ್ದರು, ಓದುತ್ತಿರಲಿಲ್ಲ.

೧. ಗ್ಯಾಸಿನ ಅಳತೆ

ಗನ್ನಿಗೆ ತುಂಬುವ ಗ್ಯಾಸೂ ಗೋಲಿ ಸೋಡಾಕ್ಕೆ ತುಂಬುವ ಗ್ಯಾಸೂ ಒಂದೇ. ಊರಿನ ಸೋಡಾ ಅಂಗಡಿಯ ಚಾಚಾ ನಮ್ಮ ಗ್ಯಾಸ್ ಇಂಜಿನಿಯರ್ ಆದದ್ದು ಹೀಗೆ. ಗುಂಡು ಜೋರಾಗಿ ಹಾರಿದರೆ ಮೈಗೆ ಬಾಸುಂಡೆ ಬರುತ್ತದೆ, ಅದಕ್ಕೆ ವೇಗ ಅಳೆಯುವ ಯಂತ್ರ ಬೇಕು. ಹೇಳಿಕಳಿಸಿದ್ದೆವು, ಬಂದಿರಲಿಲ್ಲ. ಅದು ಬರುವವರೆಗೆ ಚಾಚಾ ತಾವೇ ಒಂದು ಯಂತ್ರ ಕಂಡುಹಿಡಿದರು. ಆ ಯಂತ್ರ ನಮ್ಮ ಮಾಲೀಕ ಹುಡುಗ.

ಬೆಳಿಗ್ಗೆ ಅವನು ಮಾಸ್ಕ್ ಹಾಕಿ, ದಪ್ಪ ಕೋಟು ತೊಟ್ಟು, ದೂರದಲ್ಲಿ ಬೆನ್ನು ತಿರುಗಿಸಿ ನಿಲ್ಲಬೇಕು. ಚಾಚಾ ಒಂದು ಗುಂಡು ಹೊಡೆಯಬೇಕು. ಅವನು "ಹೂಂ" ಅಂದರೆ ಗ್ಯಾಸು ಕಮ್ಮಿ. "ಹಾಯ್" ಅಂದರೆ ಬರೋಬ್ಬರಿ. "ಯವ್ವಾ" ಅಂದರೆ ಜಾಸ್ತಿ, ಒಂದು ಸುತ್ತು ಇಳಿಸಬೇಕು.

ಒಂದು ರವಿವಾರ ಚಾಚಾ ಹೊಡೆದರು. ಹುಡುಗ ಏನೂ ಅನ್ನಲಿಲ್ಲ. "ಅರೇ, ಸೋಡಾಕ್ಕೂ ಸಾಲಂಗಿಲ್ಲ ಈ ಗ್ಯಾಸು" ಎಂದು ಚಾಚಾ ಒಂದು ಸುತ್ತು ಏರಿಸಿ ಹೊಡೆದರು. ಆಗಲೂ ಸುಮ್ಮನೆ. ಇನ್ನೊಂದು ಸುತ್ತು ಏರಿಸಿ ಹೊಡೆದರು ನೋಡಿ, ಹುಡುಗ "ಯವ್ವಾ!" ಎಂದು ಹಲಗೇರಿಗೆ ಕೇಳುವಂತೆ ಕೂಗಿ ಹಾರಿದ.

ಓಡಿಹೋಗಿ ನೋಡಿದರೆ ಕಿವಿಯಲ್ಲಿ ಮೊಬೈಲು. ಆ ಕಡೆ ಹಾವೇರಿಯಿಂದ, ಅವನಿಗೆ ನೋಡಿ ಬಂದಿದ್ದ ಹೆಣ್ಣಿನ ತಂದೆ ಮಾತಾಡುತ್ತಿದ್ದರು. ಬೀಗರಾಗುವವರ ಮುಂದೆ ಒರಟಾಗಿ ಕೂಗಬಾರದೆಂದು ಇವನು ಎರಡು ಗುಂಡು ಹಲ್ಲು ಕಚ್ಚಿ ತಡೆದುಕೊಂಡಿದ್ದ. ಮೊಬೈಲಿನಿಂದ ಅವರ ಗಾಬರಿಯ ದನಿ ನಮಗೂ ಕೇಳುತ್ತಿತ್ತು.

"ಅಲ್ರಿ ತಮ್ಮಾರ, ನಮ್ಮ ಹುಡುಗಿ ನಿಮ್ಮನ್ನ ಒಪ್ಯಾಳ ಅನ್ನೂದ ತಡ, ಹಿಂಗ ಯಾಕ ಒದರಿದ್ರಿ?"

೨. ಕೆಂಪು ಅಂಗಿ

ಬ್ಯಾಡಗಿ ಮಾರುಕಟ್ಟೆಯಿಂದ ದಲಾಲರ ಒಂದು ತಂಡ, ಹಮಾಲರ ಒಂದು ತಂಡ ಆಡಲು ಬಂದವು. ಆ ಸಲ ನಮ್ಮ ಹತ್ತಿರ ಇದ್ದದ್ದು ಬರೀ ಕೆಂಪು ಗುಂಡು. ಅವರ ಅಂಗಿ ನೋಡಿ ಹಣೆ ಚಚ್ಚಿಕೊಂಡೆ. ಮೆಣಸಿನಕಾಯಿ ಚೀಲ ಹೊತ್ತು, ಕಾಯಿ ತೂರಿ, ರಾಶಿಯ ಮೇಲೆ ಕುಳಿತು ಎದ್ದ ಅಂಗಿಗಳು ಬರುವಾಗಲೇ ಕೆಂಪಾಗಿದ್ದವು.

ಆಟ ಶುರುವಾಯಿತು. ಒಬ್ಬ ಹಮಾಲನ ಹೆಗಲಿಗೆ ಗುಂಡು ಬಿತ್ತು ಎಂದು ನಾನು ಸೀಟಿ ಊದಿದೆ.

"ಔಟ್!"

"ಯಾರು? ನಾನು? ಇದು ಬಣ್ಣ ಅಲ್ರಿ ಸರ, ಕಾಯಿ ಪುಡಿ. ಮುಂಜಾನೆಯಿಂದ ಐತಿ."

"ಕಣ್ಣಾರೆ ನೋಡೇನಲ್ಲೋ!"

"ನೋಡಿದ್ರ ಏನಾತ್ರಿ, ಮೂಸಿ ನೋಡ್ರಿ."

ಸಿಟ್ಟಿಗೆ ಮೂಸಿಯೇ ನೋಡಿದೆ. ಸೀನು ಬಂದ ರಭಸಕ್ಕೆ ಸೀಟಿ ಬಾಯಿಂದ ಹಾರಿ ಡ್ರಮ್ಮಿನ ಆಚೆ ಬಿತ್ತು. ಖರೇನೇ ಮೆಣಸಿನಕಾಯಿ. ಪಕ್ಕದಲ್ಲಿದ್ದ ದಲಾಲನನ್ನು ಮೂಸಿದೆ, ಸೀನು ಬರಲಿಲ್ಲ. ಅವನು ಔಟ್. ಹೀಗೆ ಅವತ್ತು ನಮ್ಮ ಮೈದಾನಕ್ಕೆ ಒಂದು ಹೊಸ ಕಾನೂನು ಬಂತು. ಅಂಪೈರ್ ಸೀನಿದರೆ ಆಟ, ಸೀನದಿದ್ದರೆ ಔಟ್. ಮಂದಿ ತಾವಾಗಿಯೇ ಬಂದು ತೋಳು, ಬೆನ್ನು, ಬಗಲು ನನ್ನ ಮೂಗಿಗೆ ಹಿಡಿಯತೊಡಗಿದರು. ದೇಶದ ಯಾವ ಅಂಪೈರಿಗೂ ಈ ಗತಿ ಬಂದಿರಲಾರದು. ಆದರೆ ಖರೇ ಹೇಳುತ್ತೇನೆ, ನನ್ನ ಜೀವನದಲ್ಲಿ ನಾನು ಕೊಟ್ಟ ತೀರ್ಪನ್ನು ಜನ ತಕರಾರಿಲ್ಲದೆ ಒಪ್ಪಿದ್ದು ಅದೇ ಮೊದಲು.

ಎರಡನೇ ಆಟದಲ್ಲಿ ನಾನು ಸೀನಿದ್ದೇ ಸೀನಿದ್ದು. ಒಬ್ಬನೂ ಔಟಾಗಲಿಲ್ಲ. ಆಗ ದಲಾಲರ ತಂಡದ ಹಿರಿಯರು ನಡುವೆ ಬಂದು ಕೈ ಎತ್ತಿ ಆಟ ನಿಲ್ಲಿಸಿದರು.

"ಇದು ನ್ಯಾಯ ಅಲ್ರಿ. ಅಂಪೈರಗೆ ನೆಗಡಿ ಆಗೇತಿ, ಬ್ಯಾರೇ ಮೂಗು ತರಸ್ರಿ."

೩. ಗುಂಡು ಹಾರದ ಯುದ್ಧ

ರಾಣೆಬೆನ್ನೂರಿನಲ್ಲಿ ಬೀಜದ ಕಂಪನಿಗಳಿಗೆ ಕಡಿಮೆಯಿಲ್ಲ. ಬಿತ್ತನೆಗೆ ಮೊದಲು ಒಂದು ಕಂಪನಿ ತನ್ನ ಮೆಕ್ಕೆಜೋಳದ ಬೀಜ ಮಾರುವ ಅಂಗಡಿಕಾರರನ್ನು ಖುಷಿಪಡಿಸಲು ನಮ್ಮಲ್ಲಿಗೆ ಕರೆತಂದಿತು. ಒಂದು ಕಡೆ ಅಂಗಡಿಕಾರರು, ಇನ್ನೊಂದು ಕಡೆ ಕಂಪನಿಯ ಹುಡುಗರು.

ಸೀಟಿ ಊದಿದೆ. ಅಂಗಡಿಕಾರರ ಕಡೆಯಿಂದ ಗುಂಡಿನ ಮಳೆ. ಈ ಕಡೆಯಿಂದ ಒಂದು ಗುಂಡೂ ಇಲ್ಲ. ಗನ್ನು ಕೆಟ್ಟಿವೆಯೇನೋ ಎಂದು ಡ್ರಮ್ಮಿನ ಹಿಂದೆ ಅಡಗಿದ್ದ ಕಂಪನಿಯ ಹುಡುಗನ ಹತ್ತಿರ ಹೋದೆ. ಎದುರಿಗೇ ಒಬ್ಬ ದಪ್ಪನೆಯ ಅಂಗಡಿಕಾರರು ಸೊಂಟದ ಮೇಲೆ ಕೈಯಿಟ್ಟು, ತಮ್ಮ ಅಂಗಡಿಯ ಬಾಗಿಲಲ್ಲಿ ನಿಂತಂತೆ ನಿಂತಿದ್ದರು.

"ಹೊಡಿಯಪಾ!"

"ಹೆಂಗ ಹೊಡೀಲ್ರಿ ಸರ? ನಮ್ಮ ಗೊಂಜಾಳದ ಬೀಜ ಈ ಸಲ ಅವರ ಅಂಗಡ್ಯಾಗ ಇಳಸಬೇಕು."

ಅಷ್ಟರಲ್ಲಿ ಆ ಅಂಗಡಿಕಾರರು ಇವನ ಎದೆಗೇ ಒಂದು ಗುಂಡು ಬಿಟ್ಟರು. ಇವನು ಎದ್ದು ನಿಂತು ಎರಡೂ ಕೈ ಜೋಡಿಸಿ, "ಭಾಳ ಚಲೋ ಹೊಡದ್ರಿ ಸಾವ್ಕಾರ್ರ" ಎಂದ.

ನನಗೆ ರೇಗಿತು. ಹೊಡೆಯದೆ ಇರುವುದೂ ಮೋಸವೇ, ಒಂದು ಗುಂಡಾದರೂ ಹೊಡೆಯದಿದ್ದರೆ ಎಲ್ಲರನ್ನೂ ಹೊರಗೆ ಹಾಕುತ್ತೇನೆ ಎಂದು ಕೂಗಾಡಿದೆ. ಪಾಪ, ಅವರಲ್ಲೇ ತೀರ ಹೊಸಬನೊಬ್ಬ ಕಣ್ಣು ಮುಚ್ಚಿಕೊಂಡು ಗಾಳಿಗೆ ಹೊಡೆದ. ಗುಂಡು ಹೋಗಿ ಆ ದಪ್ಪನೆಯ ಅಂಗಡಿಕಾರರ ಹೊಟ್ಟೆಯ ನಟ್ಟನಡುವೆ ಒಡೆಯಿತು. ಹುಡುಗ ಗನ್ನು ಬಿಸಾಕಿ ಓಡಿದವನೇ ಕರವಸ್ತ್ರ ತೆಗೆದು ಅವರ ಹೊಟ್ಟೆ ಒರೆಸತೊಡಗಿದ.

"ಒರೆಸಂಗಿಲ್ಲ! ನಿಯಮ ಐತಿ!" ಎಂದು ನಾನು ಕೂಗಿದೆ.

"ಸರ, ಇದು ನನಗ ಬಿದ್ದ ಗುಂಡಂತ ತಿಳಕೋರಿ, ನಾನ ಔಟ್ ಆಗ್ತೇನಿ!" ಎಂದು ಅವನು ಅಳುವುದಕ್ಕೇ ಬಂದ.

ಅಂಗಡಿಕಾರರು ತಮ್ಮ ಹೊಟ್ಟೆಯನ್ನೊಮ್ಮೆ ನೋಡಿಕೊಂಡರು. ಆಮೇಲೆ ಹುಡುಗನ ಹೆಗಲ ಮೇಲೆ ಕೈಯಿಟ್ಟರು.

"ಅಂಜಬ್ಯಾಡ ತಮ್ಮಾ. ನಿನ್ನ ಗುಂಡು ಬಿದ್ದಷ್ಟು ಬರೋಬ್ಬರಿ ನಿಮ್ಮ ಬೀಜ ಹುಟ್ಟಿದ್ದರ, ನಾ ಯಾವಾಗೋ ತಗೊಂತಿದ್ನಿ."

೪. ಮುಂದಿನ ತಾರೀಖು

ಹಾವೇರಿಯಿಂದ ವಕೀಲರ ಗುಂಪೊಂದು ಬಂದಿತ್ತು. ಅವರಲ್ಲಿ ಒಬ್ಬರ ಎದೆಯ ಮೇಲೆ ಹಳದಿ ಗುಂಡು ಬಿದ್ದು ಒಡೆಯಿತು. ಸಣ್ಣ ಮಕ್ಕಳಿಗೂ ಕಾಣುವ ಔಟ್.

"ಹೊಡೆದವರು ಯಾರು? ಸಾಕ್ಷಿ ಯಾರು? ಈ ಬಣ್ಣ ಈ ಆಟದಾಗ ಬಿದ್ದದ್ದೋ, ಹಿಂದಿನ ಆಟದಾಗ ಬಿದ್ದದ್ದೋ?"

ನಾನು ಸಾಕ್ಷಿ ಎಂದೆ. ಅಂಪೈರ್ ತಾನೇ ಸಾಕ್ಷಿಯಾಗಲು ಬರುವುದಿಲ್ಲ ಎಂದರು. ಹೊಡೆದವರನ್ನು ಕರೆಸಿದೆ. ಅವರೂ ವಕೀಲರೇ. "ಕಕ್ಷಿದಾರನ್ನ ಕೇಳದ ನಾ ಏನೂ ಹೇಳಂಗಿಲ್ಲ" ಎಂದರು. ಆಟ ನಿಂತು ಅರ್ಧ ತಾಸಾಯಿತು, ಉಳಿದವರು ಚಹಾ ತರಿಸಿಕೊಂಡು ವಾದ ಕೇಳುತ್ತ ಕುಳಿತರು. ಕೊನೆಗೆ ನಾನೇ ಸೋತು, ಮುಂದಿನ ರವಿವಾರ ತೀರ್ಪು ಎಂದು ಹೇಳಿ ಕೈತೊಳೆದುಕೊಂಡೆ.

ಅವರು ಮುಂದಿನ ರವಿವಾರ ಬಂದೇ ಬಂದರು. ಅದೇ ಅಂಗಿ, ತೊಳೆದು ಇಸ್ತ್ರಿ ಮಾಡಿದ್ದು.

"ಎಲ್ಲೈತ್ರಿ ಬಣ್ಣ? ತೋರಸ್ರಿ."

೫. ಸೆರಗು

ಮಾಲೀಕ ಹುಡುಗನ ತಾಯಿಯನ್ನು ನಾವೆಲ್ಲ ಅಮ್ಮಾರು ಎನ್ನುತ್ತಿದ್ದೆವು. ಸಾವ್ಕಾರರು ಮಾರುಕಟ್ಟೆಯಲ್ಲಿ ಎಷ್ಟು ಗುಡುಗುತ್ತಾರೋ ಅಮ್ಮಾರು ಮನೆಯಲ್ಲಿ ಅಷ್ಟು ಮೆತ್ತಗೆ ಮಾತಾಡುವವರು. ಮನೆಯಲ್ಲಿ ನಡೆಯುತ್ತಿದ್ದುದು ಮಾತ್ರ ಅಮ್ಮಾರ ಮಾತೇ. ಒಂದು ದಿನ ಅವರು ಓಣಿಯ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಆಡಲು ಬಂದರು. ಎದುರಿಗೆ ಮಗ ಮತ್ತು ಅವನ ಗೆಳೆಯರು.

ಹೆಣ್ಣುಮಕ್ಕಳು ಸೀರೆಯ ಮೇಲೆ ದಪ್ಪ ಕೋಟು ತೊಟ್ಟು, ಮಾಸ್ಕ್ ಹಾಕಿ, ಸೆರಗು ಮಾತ್ರ ಹೊರಗೆ ಬಿಟ್ಟುಕೊಂಡಿದ್ದರು. ಆಟ ಶುರುವಾಗಿದ್ದೇ ಅಮ್ಮಾರು ಸೆರಗನ್ನು ಎರಡೂ ಕೈಯಲ್ಲಿ ಅಗಲವಾಗಿ ಎದುರಿಗೆ ಹಿಡಿದು, ಅಂಗಳದಲ್ಲಿ ಕಾಗೆ ಓಡಿಸುವವರಂತೆ ನಡೆದೇಬಿಟ್ಟರು. ಮಗ ಹೊಡೆದ ಗುಂಡುಗಳು ಆ ಸಡಿಲ ಬಟ್ಟೆಗೆ ತಾಗಿ ಒಡೆಯದೆ ಪಟಪಟ ಕೆಳಗೆ ಬಿದ್ದವು. ಹಿಂದಿನಿಂದ ಉಳಿದವರೂ ಸೆರಗು ಹಿಡಿದು ಬಂದರು. ಅಮ್ಮಾರು ನಡೆದುಕೊಂಡೇ ಹೋಗಿ ಬಾವುಟ ಕಿತ್ತು ಕಂಕುಳಲ್ಲಿ ಇಟ್ಟುಕೊಂಡರು.

"ಅವ್ವಾ, ಇದು ಮೋಸ!" ಎಂದು ಮಗ ಕೂಗಿದ.

"ನಿನ್ನ ಬೋರ್ಡು ನಾ ಓದೇನಿ. ಒಡದ್ರ ಔಟ್ ಅಂತ ಬರದೀರಿ. ಸೆರಗು ಹಿಡೀಬ್ಯಾಡ್ರಿ ಅಂತ ಎಲ್ಲಿ ಬರದೀರಿ?"

ಆ ಬೋರ್ಡನ್ನು ಪೂರ್ತಿ ಓದಿದ ಮೊದಲ ಮನುಷ್ಯರು ಅಮ್ಮಾರು. ಸಂತೋಷದಿಂದ ಗೆಲುವು ಅವರಿಗೇ ಕೊಟ್ಟೆ.

ಸುದ್ದಿ ಊರಲ್ಲಿ ಹಬ್ಬಿತು. ಮುಂದಿನ ರವಿವಾರ ಗಂಡಸರ ತಂಡವೊಂದು ಗೇಟಿನಲ್ಲಿ ಬಂದು ನಿಂತಿತು. ಪ್ಯಾಂಟಿನ ಮೇಲೆ ಹೆಂಡಂದಿರ ಸೀರೆ ಸುತ್ತಿಕೊಂಡು, ಮೀಸೆಯ ಕೆಳಗೆ ಸೆರಗು ಕಚ್ಚಿಕೊಂಡು. "ನಿಯಮದಾಗ ಐತ್ರಿ ಸರ" ಎಂದರು. ಆಡಿಸಿದೆ. ಆಟ ಇನ್ನೂ ಅರ್ಧಕ್ಕೆ ಬಂದಿರಲಿಲ್ಲ, ಒಬ್ಬ ಹೆಣ್ಣುಮಗಳು ಆಟೋದಿಂದ ಇಳಿದು ಗೇಟಿಗೆ ಓಡಿ ಬಂದಳು.

"ಸರ, ಲಗೂ ಸೀಟಿ ಊದ್ರಿ! ಆ ಹಸರ ಸೀರಿ ನಂದು, ಉಟಗೊಂಡು ಲಗ್ನಕ್ಕ ಹೋಗಬೇಕು!"

೬. ಸಾವ್ಕಾರರ ಕಣ್ಣು

ಗಂಡಸರು ಸೀರೆ ಉಟ್ಟ ಸುದ್ದಿ ಬ್ಯಾಡಗಿ ಮಾರುಕಟ್ಟೆಗೆ ಮುಟ್ಟಲು ತಡವಾಗಲಿಲ್ಲ. ಸಾವ್ಕಾರರು ಕೆಂಡವಾದರು. ರಾಶಿಯ ಮುಂದೆ ಕುಳಿತು ಕಾಯಿ ಮುರಿದು, ಅಂಗೈಯಲ್ಲಿ ಬೀಜ ಉಜ್ಜಿ ನೋಡುತ್ತಿದ್ದವರು ಹಾಗೇ ಎದ್ದು ಜೀಪು ಹತ್ತಿ ನಮ್ಮ ಮೈದಾನಕ್ಕೇ ಬಂದರು. ಅವತ್ತು ನಮ್ಮ ಶಾಲೆಗೆ ರಜೆ, ಅಮ್ಮಾರ ತಂಡ ಒಳಗೆ ಆಡುತ್ತಿತ್ತು.

"ಸಾಕು ಮಾಡ್ರಿ ಈ ನಾಟಕ! ಊರಾಗ ಮಾರಿ ತೋರಸದಂಗ ಆಗೇತಿ. ಇವತ್ತ ಬಂದ್. ನಾಳೆ ಇಲ್ಲಿ ಕಾಯಿ ಒಣಗಬೇಕು!"

ಮಗನ ಮುಖದಲ್ಲಿ ರಕ್ತವಿರಲಿಲ್ಲ. ಚಾಚಾ ಗ್ಯಾಸಿನ ತಿರುಪಿನ ಮೇಲೆ ಕೈಯಿಟ್ಟು ನನ್ನ ಕಡೆ ನೋಡಿದರು. ಆಗ ಅಮ್ಮಾರು ಮೆತ್ತಗೆ ಹೇಳಿದರು.

"ಬಂದ್ ಮಾಡೂದು ಇದ್ದ ಐತಿ ತಗೋರಿ. ಆದ್ರ ಕಣ್ಣಿಗೆ ಆದ್ರ ಬಂದ್ ಅಂದೋರು ನೀವು. ಯಾರ ಕಣ್ಣಿಗೆ ಏನಾಗೇತಿ? ಒಂದು ಆಟ ಆಡಿ ನೋಡ್ರಿ, ಆಮ್ಯಾಲೆ ನಿಮ್ಮ ಮನಸ್ಸು."

ಇಷ್ಟು ಜನರ ಮುಂದೆ ಹೆಂಡತಿ ಕರೆದ ಮೇಲೆ ಹಿಂದೆ ಸರಿಯುವ ಪೈಕಿ ಅಲ್ಲ ಅವರು. ತಲೆಯ ರುಮಾಲು ಮಗನ ಕೈಗೆ ಕೊಟ್ಟು, ಮಾಸ್ಕ್ ಹಾಕಿಕೊಂಡು ಎದುರಿನ ತಂಡಕ್ಕೆ ಇಳಿದರು. ಮೊದಲ ಗುಂಡು ಹೊಡೆದಾಗ ಮುಖ ಗಂಟಿಕ್ಕಿತ್ತು. ಎರಡನೆಯದಕ್ಕೆ ಗಂಟು ಸಡಿಲಾಯಿತು. ಮೂರನೆಯದಕ್ಕೆ, "ಏ, ಸರೀರೋ ಆಚೆ, ಅಡ್ಡ ಬರಬ್ಯಾಡ್ರಿ!" ಎಂದು ತಮ್ಮ ತಂಡದವರನ್ನೇ ದಬ್ಬಿ ಟೈರಿನ ಹಿಂದೆ ಮೊಳಕಾಲೂರಿ ಕುಳಿತರು. ಎದುರಿಗೆ ಅಮ್ಮಾರು ಸೆರಗು ಹಿಡಿದು ಬರುತ್ತಿದ್ದರು. ಸಾವ್ಕಾರರು ಹೊಡೆದರು, ಪುಟಿಯಿತು. ಮತ್ತೆ ಹೊಡೆದರು, ಮತ್ತೆ ಪುಟಿಯಿತು. ಬೆವರಿಗೆ ಮಾಸ್ಕಿನ ಗಾಜು ಮಂಜಾಯಿತು. ಸಾವ್ಕಾರರು ಮಾಸ್ಕಿಗೆ ಕೈ ಹಾಕಿದರು.

ನಾನು ಎದೆಯೊಡೆಯುವಂತೆ ಸೀಟಿ ಊದಿದೆ. ಎಲ್ಲರೂ ಗನ್ನು ಕೆಳಗಿಳಿಸಿ ಬಾಯಿಗೆ ಚೀಲ ಹಾಕಿದರು.

"ಸಾವ್ಕಾರ್ರ, ಮಾಸ್ಕ್ ತೆಗೀಬ್ಯಾಡ್ರಿ!"

"ಜಾಗ ನಂದು, ಮಾರಿ ನಂದು, ನೀ ಯಾರಲೇ ಕೇಳಾಂವ?" ಎನ್ನುತ್ತ ಅವರು ಮಾಸ್ಕ್ ಕಿತ್ತೊಗೆದರು. ಬೆವರು ಒರೆಸಿಕೊಳ್ಳಲು ಎರಡೂ ಅಂಗೈಯಿಂದ ಕಣ್ಣನ್ನು ಗಸಗಸ ಉಜ್ಜಿದರು.

"ಯವ್ವಾ! ಕಣ್ಣು ಹೋತೋ! ನನ್ನ ಕಣ್ಣು ಹೋತೋ!"

ಕಣ್ಣಿನ ಸುತ್ತ ಕೆಂಪು, ಕೈ ಕೆಂಪು. ಅವತ್ತು ನಮ್ಮ ಗುಂಡಿನ ಬಣ್ಣವೂ ಕೆಂಪು. ಮಗ ಇದ್ದಲ್ಲೇ ನೆಲಕ್ಕೆ ಕುಳಿತುಬಿಟ್ಟ. ಚಾಚಾ ಗ್ಯಾಸು ಬಂದ್ ಮಾಡಿದರು. ಅಮ್ಮಾರು ಕೊಡದ ನೀರಿಗೆ ಓಡಿದರು. ನಾನು ಸಾವ್ಕಾರರ ಹತ್ತಿರ ಓಡಿದೆ. ಬಿದ್ದಿದ್ದ ಮಾಸ್ಕ್ ಎತ್ತಿ ನೋಡಿದರೆ ಅದರ ಮೇಲೆ ಒಂದು ಹನಿ ಬಣ್ಣವಿಲ್ಲ. ತಟ್ಟನೆ ಹೊಳೆಯಿತು. ಅವರ ಎರಡೂ ಕೈ ಹಿಡಿದು, ಕಣ್ಣು ಮುಚ್ಚಿ, ಮೈದಾನದ ಭವಿಷ್ಯವನ್ನೆಲ್ಲ ಮೂಗಿಗೆ ತಂದುಕೊಂಡು ಮೂಸಿದೆ.

ಆ ಸೀನು ನನ್ನ ಆಯುಷ್ಯದಲ್ಲೇ ದೊಡ್ಡದು. ಹಿಂದಿನಿಂದ ಇನ್ನೆರಡು ಬಂದವು.

"ಸೀನಿದ್ರು! ಅಂಪೈರ್ ಸೀನಿದ್ರು!" ಎಂದು ಇಡೀ ಮೈದಾನ ಕುಣಿಯತೊಡಗಿತು. ಮಗ ಎದ್ದು ಚಾಚಾರನ್ನು ತಬ್ಬಿಕೊಂಡ. ಕಣ್ಣು ಬಿಡಲಾಗದ ಸಾವ್ಕಾರರು ಮಾತ್ರ ಗಾಬರಿಯಿಂದ, "ಏನಾತು? ಯಾರು ಸೀನಿದ್ರು? ನನ್ನ ಕಣ್ಣು ಹೋಗಿದ್ದಕ್ಕ ಯಾಕ ಕುಣ್ಯಾಕತ್ತೀರಿ?" ಎಂದು ಎಲ್ಲ ದಿಕ್ಕಿಗೂ ಕೇಳುತ್ತಿದ್ದರು.

ಅಮ್ಮಾರು ಅವರನ್ನು ಟೈರಿನ ಮೇಲೆ ಕೂರಿಸಿ, ತಣ್ಣೀರು ಎರಚಿ ಎರಚಿ ಕಣ್ಣು ತೊಳೆದು, ಸೆರಗಿನಿಂದ ಒರೆಸಿದರು.

"ನಮ್ಮ ಕಾಯಾಗ ಬರೇ ಬಣ್ಣ, ಖಾರ ಇಲ್ಲ, ಕೂಸಿನ ಬಾಯಾಗ ಇಟ್ಟರೂ ನಗತೈತಿ ಅಂತ ಊರ ತುಂಬ ಹೇಳತಿದ್ರಲ್ಲ, ಎಲ್ಲಿ, ಒಂಚೂರು ನಗ್ರಿ ನೋಡೋಣು."

ಅಮ್ಮಾರು ಇನ್ನೊಂದು ಬೊಗಸೆ ನೀರು ಹಾಕಿ ಮುಂದುವರಿಸಿದರು.

"ಮತ್ತ ಕಣ್ಣಿಗೆ ಆದ್ರ ಬಂದ್ ಅಂದಿದ್ರಿ. ಕಣ್ಣಿಗೆ ಆಗಿದ್ದು ನಿಮ್ಮ ಅಂಗಡಿ ಮಾಲಿನಿಂದ. ಮಾತು ಅಂದ್ರ ಮಾತು. ನಾಳಿಂದ ಅಂಗಡಿ ಬಂದ್ ಮಾಡ್ರಿ, ಅಲ್ಲೂ ಒಂದು ಆಟ ಇಡೋಣು."

ನಗಬಾರದೆಂದು ನಾನು ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ, ಅದು ತಾನಾಗಿಯೇ ಪೀಂ ಎಂದಿತು. ಆದರೂ ನಿಯಮ ನಿಯಮವೇ. ಧೈರ್ಯ ಮಾಡಿ ಹೇಳಿದೆ.

"ಸಾವ್ಕಾರ್ರ, ತಪ್ಪು ತಿಳೀಬ್ಯಾಡ್ರಿ. ಮೈದಾನದಾಗ ಮಾಸ್ಕ್ ತೆಗದ್ರಿ. ನೀವು ಔಟ್."

ಸಾವ್ಕಾರರು ನೀರು ಸುರಿಯುವ ಕೆಂಪು ಕಣ್ಣನ್ನು ಒಂದೇ ಒಂದು ಸೀಳು ತೆರೆದು ನನ್ನನ್ನು ನೋಡಿದರು. ಆಮೇಲೆ ಅಮ್ಮಾರ ಸೆರಗನ್ನು ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಕೇಳಿದರು.

"ಆತು ಬಿಡ್ರಿ ಮಾಸ್ತರ, ಒಪ್ಪಿದ್ನಿ. ಆದ್ರ ಮುಂದಿನ ರವಿವಾರ ನಾನೂ ಒಂದು ಸೀರಿ ಉಟಗೊಂಡು ಬಂದ್ರ ನಡೀತೈತೇನು?"